ಸೆಳವು ಹುಟ್ಟುವ ಜಾಗದ ಹುಡುಕಾಟ: ಅಲೆಗಳು ಹೇಳುವುದೆಷ್ಟು, ಅಂಕಿಗಳು ಹೇಳುವುದೆಷ್ಟು

ಅಪಸ್ಮಾರದ ಸೆಳವು ಮಿದುಳಿನ ಯಾವ ಜಾಗದಲ್ಲಿ ಹುಟ್ಟುತ್ತದೆ ಎಂಬುದನ್ನು ಗಣಕ ವಿಧಾನಗಳು ವೈದ್ಯರಿಗಿಂತ ಚೆನ್ನಾಗಿ ಪತ್ತೆ ಹಚ್ಚುತ್ತಿವೆ ಎಂಬ ಸುದ್ದಿ ಕೆಲವು ವರ್ಷಗಳಿಂದ ಆಗಾಗ ಬರುತ್ತಿದೆ. 2021ರಲ್ಲಿ ‘ನೇಚರ್ ನ್ಯೂರೋಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಶ್ರೀದೇವಿ ಸರ್ಮಾ ಅವರ ತಂಡದ ಅಧ್ಯಯನ ಇದಕ್ಕೊಂದು ಉದಾಹರಣೆ. ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ 91 ರೋಗಿಗಳ ಮಿದುಳಿನ ಅಲೆಗಳ ದಾಖಲೆಯನ್ನು ಆ ತಂಡ ಮರುಪರಿಶೀಲಿಸಿತು. ಚಿಕಿತ್ಸೆ ಫಲಿಸಿತೇ ಇಲ್ಲವೇ ಎಂಬುದನ್ನು ತನ್ನ ವಿಧಾನ ಶೇ 76ರಷ್ಟು ಸರಿಯಾಗಿ ಹೇಳಿತೆಂದೂ ವೈದ್ಯರ ನಿಖರತೆ ಶೇ 48 ಎಂದೂ ಅದು ವರದಿ ಮಾಡಿತು. ಇದನ್ನು ಓದಿದವರಿಗೆ, ನಾಣ್ಯ ಚಿಮ್ಮಿ ನಿರ್ಧರಿಸಿದ್ದರೂ ಇದಕ್ಕಿಂತ ವಾಸಿಯಾಗಿತ್ತಲ್ಲ ಎನ್ನಿಸಿದರೆ ಆಶ್ಚರ್ಯವಿಲ್ಲ.

ಮರುವರ್ಷವೇ ‘ಲ್ಯಾನ್ಸೆಟ್ ನ್ಯೂರಾಲಜಿ’ಯಲ್ಲಿ ಬಂದ ನೆದರ್‌ಲೆಂಡ್ಸ್‌ನ ಪ್ರಯೋಗದ ಫಲಿತಾಂಶ ಇದಕ್ಕೆ ವಿರುದ್ಧವಾಗಿ ಕಂಡಿತು. ಎರಡು ದಶಕಗಳಿಂದ ಭರವಸೆ ಮೂಡಿಸಿದ್ದ ಹೊಸ ಬಗೆಯ ಅಲೆಯೊಂದನ್ನು ನೋಡಿಕೊಂಡು ಶಸ್ತ್ರಚಿಕಿತ್ಸೆ ಮಾಡಿದ ಗುಂಪಿನಲ್ಲಿ ಶೇ 67 ಮಂದಿ ಸೆಳವಿನಿಂದ ಮುಕ್ತರಾದರೆ, ಹಳೆಯ ಸಂಕೇತವನ್ನೇ ನಂಬಿದ ಗುಂಪಿನಲ್ಲಿ ಶೇ 90 ಮಂದಿ ಮುಕ್ತರಾಗಿದ್ದರು. ಒಂದು ಸುದ್ದಿಯಲ್ಲಿ ಗಣಕ ಗೆಲ್ಲುತ್ತದೆ, ಇನ್ನೊಂದರಲ್ಲಿ ಹಳೆಯ ಕಣ್ಣೇ ಗೆಲ್ಲುತ್ತದೆ.

ಎರಡೂ ವರದಿಗಳಲ್ಲಿ ಸುಳ್ಳೇನಿಲ್ಲ. ಸೆಳವು ಎಲ್ಲಿ ಶುರುವಾಗುತ್ತದೆ ಎಂಬುದು ಒಂದು ಪ್ರಶ್ನೆ. ಸೆಳವು ನಿಲ್ಲಬೇಕಾದರೆ ಎಲ್ಲಿ, ಎಷ್ಟನ್ನು ತೆಗೆಯಬೇಕು ಎಂಬುದು ಬೇರೆಯೇ ಪ್ರಶ್ನೆ. ಅಲೆಗಳ ದಾಖಲೆ ಮೊದಲನೆಯದಕ್ಕೆ ಅರೆಬರೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಉತ್ತರ ಸಿಗುವುದು ಶಸ್ತ್ರಚಿಕಿತ್ಸೆ ಮುಗಿದ ಮೇಲೆ. ಸುದ್ದಿಗಳಲ್ಲಿ ಈ ಎರಡೂ ಒಂದೇ ಎಂಬಂತೆ ಬೆರೆತುಹೋಗುವುದರಿಂದಲೇ ಗೊಂದಲ ಹುಟ್ಟುತ್ತದೆ.

ಶಸ್ತ್ರಚಿಕಿತ್ಸೆಯ ಮಾತು ಏಳುವುದು ಯಾರಿಗೆ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರವಿದೆ. ಆಡುಮಾತಿನಲ್ಲಿ ಫಿಟ್ಸ್ ಅಥವಾ ಮೂರ್ಛೆ ರೋಗ ಎಂದು ಕರೆಯುವ ಈ ಕಾಯಿಲೆ ಹೆಚ್ಚಿನವರಲ್ಲಿ ಮಾತ್ರೆಯಿಂದಲೇ ಹತೋಟಿಗೆ ಬರುತ್ತದೆ. ಆದರೆ ಸರಿಸುಮಾರು ಮೂರನೇ ಒಂದು ಭಾಗದಷ್ಟು ಮಂದಿಗೆ ಔಷಧ ಸಾಲುವುದಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದುವರೆಗೆ ಚಿಕಿತ್ಸೆಯನ್ನೇ ಪಡೆಯದಿದ್ದ 470 ರೋಗಿಗಳ ಪೈಕಿ ಶೇ 47 ಮಂದಿ ಮೊದಲ ಔಷಧದಿಂದಲೇ ಸೆಳವಿನಿಂದ ಮುಕ್ತರಾದರು. ಎರಡನೆಯ ಅಥವಾ ಮೂರನೆಯ ಔಷಧದಿಂದ ಮುಕ್ತರಾದವರು ಶೇ 14 ಮಾತ್ರ. ಅಂದರೆ ಔಷಧ ಬದಲಿಸುತ್ತಾ ಹೋದಷ್ಟೂ ಫಲಿಸುವ ಸಾಧ್ಯತೆ ತೀವ್ರವಾಗಿ ಕುಸಿಯುತ್ತದೆ. ಈ ಕಾರಣಕ್ಕೇ ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಸಂಘಟನೆಯು 2010ರಲ್ಲಿ ಒಂದು ಗೆರೆ ಎಳೆಯಿತು: ಸರಿಯಾಗಿ ಆರಿಸಿ, ತಕ್ಕ ಪ್ರಮಾಣದಲ್ಲಿ ಕೊಟ್ಟ ಎರಡು ಔಷಧಗಳು ವಿಫಲವಾದರೆ ಅದನ್ನು ಔಷಧಕ್ಕೆ ಬಗ್ಗದ ಅಪಸ್ಮಾರವೆಂದು ಪರಿಗಣಿಸಬೇಕು.

ಇಂಥವರಲ್ಲಿ ಸೆಳವು ಮಿದುಳಿನ ಒಂದು ನಿರ್ದಿಷ್ಟ ಭಾಗದಿಂದ ಹೊರಡುತ್ತಿದ್ದರೆ ಆ ಭಾಗವನ್ನು ತೆಗೆಯುವ ಆಯ್ಕೆ ಇದೆ. ಇದು ಕೊನೆಯ ಗಳಿಗೆಯ ಸಾಹಸ ಎಂಬ ಭಾವನೆ ಸಾಮಾನ್ಯ. ಪುರಾವೆ ಹೇಳುವುದು ಬೇರೆ. ಕೆನಡಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಟೆಂಪೊರಲ್ ಹಾಲೆಯ, ಅಂದರೆ ಕಿವಿಯ ಮಟ್ಟದಲ್ಲಿರುವ ಮಿದುಳಿನ ಭಾಗದ, ಅಪಸ್ಮಾರವಿದ್ದ 80 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ವರ್ಷದ ಬಳಿಕ, ಪ್ರಜ್ಞೆ ಮಸುಕಾಗುವ ಸೆಳವುಗಳಿಂದ ಮುಕ್ತರಾದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 58, ಔಷಧದ ಗುಂಪಿನಲ್ಲಿ ಶೇ 8.

ತೆಗೆಯುವ ಜಾಗ ತಪ್ಪಿದರೆ ತೆರಬೇಕಾದ ಬೆಲೆ ಏನೆಂಬುದೂ ಇತಿಹಾಸದಲ್ಲಿದೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನ ಸೆಳವು ನಿಲ್ಲಿಸಲೆಂದು ಶಸ್ತ್ರಚಿಕಿತ್ಸಕ ವಿಲಿಯಂ ಸ್ಕೋವಿಲ್ ಎರಡೂ ಬದಿಯ ಟೆಂಪೊರಲ್ ಹಾಲೆಗಳ ಒಳಭಾಗವನ್ನು ತೆಗೆದುಹಾಕಿದರು. ಸೆಳವು ಕಡಿಮೆಯಾಯಿತು, ಆದರೆ ಮೊಲೈಸನ್ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸದಾಗಿ ನಡೆದ ಯಾವುದನ್ನೂ ನೆನಪಿಟ್ಟುಕೊಳ್ಳಲಾರದವರಾಗಿಯೇ ಉಳಿದರು. ಜಾಗವನ್ನು ಗುರುತಿಸುವ ಕೆಲಸದ ಹಿಂದೆ ಈ ಭಯ ಸದಾ ಇರುತ್ತದೆ.

ತಲೆಯ ಮೇಲಿಂದ ಕಾಣುವುದು

ಜರ್ಮನಿಯ ಯೇನಾದಲ್ಲಿ ಹ್ಯಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲು ದಾಖಲಿಸಿದ್ದು 1924ರಲ್ಲಿ, ಅದನ್ನು ಪ್ರಕಟಿಸಿದ್ದು 1929ರಲ್ಲಿ. ತಲೆಯ ಚರ್ಮಕ್ಕೆ ಅಂಟಿಸುವ ಎಲೆಕ್ಟ್ರೋಡ್‌ಗಳಿಗೆ ನಿಗದಿತ ಜಾಗಗಳನ್ನು ಗೊತ್ತುಪಡಿಸಿದ ಪದ್ಧತಿ 1958ರದ್ದು. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ಅಳೆದು, ಆ ಅಂತರವನ್ನು ಶೇ 10 ಮತ್ತು ಶೇ 20ರ ಪಾಲುಗಳಾಗಿ ವಿಭಜಿಸುವ ಆ ಕ್ರಮವೇ ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಇಇಜಿ ಎಂದು ಕರೆಯುವ ಈ ಪರೀಕ್ಷೆ ಸುಲಭ, ನೋವಿಲ್ಲ, ಅಗ್ಗ. ಅದರ ಮಿತಿಗಳಿರುವುದು ಭೌತಶಾಸ್ತ್ರದಲ್ಲಿ.

ಚರ್ಮದ ಮೇಲೆ ಸಿಗುವ ಸಂಕೇತ ಸಾಮಾನ್ಯವಾಗಿ 10ರಿಂದ 100 ಮೈಕ್ರೊವೋಲ್ಟ್. ಕಣ್ಣು ಮಿಟುಕಿಸಿದರೆ ಏಳುವ ವಿದ್ಯುತ್ತು ಇದನ್ನು ಮೀರಿಸುವುದುಂಟು. ಒಂದು ನರಕೋಶದ ಚಟುವಟಿಕೆ ಹೊರಗೆ ಕಾಣುವ ಪ್ರಶ್ನೆಯೇ ಇಲ್ಲ. ಅಕ್ಕಪಕ್ಕದ ಅಸಂಖ್ಯ ಕೋಶಗಳು ಒಂದೇ ದಿಕ್ಕಿಗೆ ಮುಖ ಮಾಡಿ ಏಕಕಾಲಕ್ಕೆ ಮಿಡಿದರೆ ಮಾತ್ರ ಅಲೆ ಹೊರಬರುತ್ತದೆ. ತಲೆಬುರುಡೆ ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುವುದಿಲ್ಲವಾದ್ದರಿಂದ, ಹೊರಬಂದ ಸಂಕೇತವೂ ಕ್ಷೀಣಿಸಿ ಹರಡಿಹೋಗಿರುತ್ತದೆ. ಸೆಳವಿನ ಗುರುತಾದ ಚೂಪು ಅಲೆ, ಅಂದರೆ ಸ್ಪೈಕ್, ಹೊರಗೆ ಕಾಣಬೇಕಾದರೆ ಮಿದುಳಿನ ಹೊರಪದರದ ಸುಮಾರು 6ರಿಂದ 10 ಚದರ ಸೆಂಟಿಮೀಟರ್ ಭಾಗವಾದರೂ ಒಟ್ಟಿಗೆ ಮಿಡಿದಿರಬೇಕು ಎಂದು ಅಳತೆಗಳು ತೋರಿಸಿವೆ. ಅದಕ್ಕಿಂತ ಚಿಕ್ಕ ಜಾಗದಲ್ಲಿ ಹುಟ್ಟಿ ಅಲ್ಲೇ ಅಡಗುವ ಚಟುವಟಿಕೆ ಹೊರಗಿನ ಎಲೆಕ್ಟ್ರೋಡಿಗೆ ಸಿಗುವುದಿಲ್ಲ. ಅಪಸ್ಮಾರವಿದ್ದವರ ಮೊದಲ ಇಇಜಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಸಹಜವಾಗಿಯೇ ಬರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ತೊಡಕು ಮಿದುಳಿನ ಮಡಿಕೆಗಳದ್ದು. ಹೊರಪದರದ ಸುಮಾರು ಮೂರನೇ ಎರಡು ಭಾಗ ಮಡಿಕೆಗಳ ಒಳಗೆ ಅವಿತಿದೆ. ಮಡಿಕೆಯ ಗೋಡೆಯಲ್ಲಿ ಹುಟ್ಟಿದ ಅಲೆ ನೇರ ಮೇಲಕ್ಕೆ ಬರುವ ಬದಲು ಅಡ್ಡಡ್ಡ ಚಾಚುತ್ತದೆ. ಎರಡೂ ಅರೆಗೋಳಗಳು ಎದುರುಬದುರಾಗಿ ನಿಂತ ನಡುಸೀಳಿನ ಜಾಗದಲ್ಲಂತೂ ಇದು ವಿಚಿತ್ರಕ್ಕೆ ಎಡೆಮಾಡುತ್ತದೆ: ಕಾಲಿನ ಚಲನೆಯನ್ನು ನಿಯಂತ್ರಿಸುವ ಎಡ ಒಳಮಗ್ಗುಲಲ್ಲಿ ಹುಟ್ಟಿದ ಸ್ಪೈಕ್ ತಲೆಯ ಬಲಭಾಗದಲ್ಲಿ ಹೆಚ್ಚು ಎದ್ದು ಕಾಣಬಹುದು. ದಾಖಲೆಯನ್ನು ಮುಖಬೆಲೆಗೆ ಒಪ್ಪಿಕೊಂಡರೆ ಬದಿಯೇ ತಪ್ಪಿಹೋಗುತ್ತದೆ.

ಗಣಿತ ಇದನ್ನು ಸರಿಪಡಿಸಲಾರದೇ? ಒಂದು ಮಟ್ಟಿಗೆ ಸರಿಪಡಿಸುತ್ತದೆ. ಆದರೆ ಹೊರಮೈಯಲ್ಲಿ ಕಂಡ ಒಂದೇ ವಿನ್ಯಾಸವನ್ನು ಒಳಗಿನ ಲೆಕ್ಕವಿಲ್ಲದಷ್ಟು ಬಗೆಯ ಮೂಲಗಳು ಉಂಟುಮಾಡಬಲ್ಲವು ಎಂಬುದನ್ನು ಹೆಲ್ಮ್‌ಹೋಲ್ಟ್ಸ್ 1853ರಲ್ಲೇ ತೋರಿಸಿದ್ದರು. ಹಾಗಾಗಿ ಯಾವ ತಂತ್ರಾಂಶವೂ ಕೆಲವು ಊಹೆಗಳನ್ನು ಮೊದಲೇ ಹೇರಿಕೊಳ್ಳದೆ ಮುಂದುವರಿಯಲಾರದು. ಊಹೆಗಳು ಒಳ್ಳೆಯವಾಗಿದ್ದರೆ ಫಲಿತಾಂಶವೂ ಸುಧಾರಿಸುತ್ತದೆ: 2011ರಲ್ಲಿ ಪ್ರಕಟವಾದ, 152 ರೋಗಿಗಳ ಅಧ್ಯಯನದಲ್ಲಿ 128ರಿಂದ 256 ಎಲೆಕ್ಟ್ರೋಡ್‌ಗಳನ್ನೂ ರೋಗಿಯದೇ ಎಂಆರ್‌ಐ ಚಿತ್ರವನ್ನೂ ಬಳಸಿದಾಗ ಮೂಲವನ್ನು ಗುರುತಿಸುವ ಸಾಮರ್ಥ್ಯ ಶೇ 84ರಷ್ಟಿತ್ತು. ಎಲೆಕ್ಟ್ರೋಡ್‌ಗಳು ಕಡಿಮೆಯಾದಾಗ ಅದು ಶೇ 66ಕ್ಕೆ ಇಳಿಯಿತು.

ಒಂದು ಸೆಳವನ್ನು ನಿಧಾನಿಸಿ ನೋಡಿದರೆ

ದಾಖಲೆ ಏನನ್ನು ತೋರುತ್ತದೆ, ಏನನ್ನು ಮರೆಮಾಚುತ್ತದೆ ಎಂಬುದು ವಿಡಿಯೊ-ಇಇಜಿ ಕೊಠಡಿಯಲ್ಲಿ ಸ್ಪಷ್ಟವಾಗುತ್ತದೆ. ಇಲ್ಲಿ ರೋಗಿಯನ್ನು ಹಲವು ದಿನ ಇರಿಸಿಕೊಂಡು, ಔಷಧವನ್ನು ಹಂತಹಂತವಾಗಿ ಇಳಿಸಿ, ಸೆಳವು ಬರುವುದನ್ನೇ ಕಾಯಲಾಗುತ್ತದೆ. ಎಡ ಟೆಂಪೊರಲ್ ಹಾಲೆಯ ಆಳದಿಂದ ಹೊರಡುವ ಸೆಳವು ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ. ಹೊಟ್ಟೆಯಿಂದ ಏನೋ ಮೇಲೆ ಏರಿ ಬಂದಂತಾಗಿ ರೋಗಿ ಗುಂಡಿ ಒತ್ತುತ್ತಾರೆ. ಪರದೆಯ ಮೇಲೆ ಏನೂ ಬದಲಾಗಿಲ್ಲ. ಹತ್ತು ಹದಿನೈದು ಸೆಕೆಂಡು ಕಳೆಯುತ್ತದೆ. ನೋಟ ಒಂದೆಡೆ ನಿಲ್ಲುತ್ತದೆ, ತುಟಿ ಚಪ್ಪರಿಸುವುದು ಶುರುವಾಗುತ್ತದೆ, ಎಡಗೈ ಹೊದಿಕೆಯನ್ನು ಹಿಡಿದೆಳೆಯುತ್ತಿರುವಾಗ ಬಲಗೈ ಸೊಟ್ಟಗೆ ಸೆಟೆದುಕೊಳ್ಳುತ್ತದೆ. ಆಗ ಎಡ ಟೆಂಪೊರಲ್ ಎಲೆಕ್ಟ್ರೋಡ್‌ಗಳಲ್ಲಿ ಸೆಕೆಂಡಿಗೆ ಐದಾರು ಬಾರಿ ಏಳುವ ಲಯಬದ್ಧ ಅಲೆ ಕಾಣಿಸಿಕೊಂಡು ದಪ್ಪವಾಗುತ್ತಾ ಹೋಗುತ್ತದೆ. ಒಂದೆರಡು ನಿಮಿಷದಲ್ಲಿ ಎಲ್ಲವೂ ನಿಲ್ಲುತ್ತದೆ. ರೋಗಿ ಎಡಗೈಯಿಂದ ಮೂಗು ಒರೆಸಿಕೊಳ್ಳುತ್ತಾರೆ. ದಾದಿ ಪೆನ್ನು ತೋರಿಸಿ ಇದೇನೆಂದು ಕೇಳಿದರೆ, ಗೊತ್ತಿದ್ದೂ ಹೆಸರು ಬಾಯಿಗೆ ಬರುವುದಿಲ್ಲ.

ತಜ್ಞರು ಈ ಚಿಕ್ಕ ಚಿಕ್ಕ ವಿವರಗಳಿಂದಲೇ ನಕ್ಷೆ ಹಾಕುತ್ತಾರೆ. ಸೆಟೆದುಕೊಂಡ ಕೈ ಸಾಮಾನ್ಯವಾಗಿ ಸೆಳವಿನ ಎದುರು ಬದಿಯದು. ಮೂಗು ಒರೆಸಿದ ಕೈ ಹೆಚ್ಚಾಗಿ ಸೆಳವಿನ ಬದಿಯದು. ಪದ ತಡವರಿಸಿದರೆ ಭಾಷೆಯನ್ನು ನೋಡಿಕೊಳ್ಳುವ ಅರೆಗೋಳ ದಣಿದಿದೆ ಎಂದರ್ಥ. ಇಲ್ಲಿ ಗಮನಿಸಬೇಕಾದದ್ದು ಆ ಹತ್ತು ಹದಿನೈದು ಸೆಕೆಂಡುಗಳ ಅಂತರ. ರೋಗಿಗೆ ಹೊಟ್ಟೆಯ ಅನುಭವ ಆದಾಗಲೇ ಸೆಳವು ಒಳಗೆ ಶುರುವಾಗಿತ್ತು. ತಲೆಯ ಮೇಲಿನ ಎಲೆಕ್ಟ್ರೋಡ್ ದಾಖಲಿಸಿದ್ದು ಅದು ಹರಡಿ ಹೊರಮೈಗೆ ಬಂದ ಗಳಿಗೆಯನ್ನು. ‘ಅಲೆ ಎಲ್ಲಿ ಮೊದಲು ಕಂಡಿತೋ ಅಲ್ಲೇ ಸೆಳವು ಹುಟ್ಟಿತು’ ಎಂಬ ಸರಳ ತರ್ಕ ಇಲ್ಲಿಗೇ ಮುರಿದುಬೀಳುತ್ತದೆ.

ಬುರುಡೆಯ ಒಳಗೆ ಇಳಿದಾಗ

ಎಂಆರ್‌ಐ, ಸೆಳವಿನ ಲಕ್ಷಣಗಳು ಮತ್ತು ಹೊರಗಿನ ಇಇಜಿ ಮೂರೂ ಒಂದೇ ಜಾಗಕ್ಕೆ ಬೊಟ್ಟು ಮಾಡಿದರೆ ನೇರವಾಗಿ ಶಸ್ತ್ರಚಿಕಿತ್ಸೆಗೆ ಹೋಗಬಹುದು. ಮೂರೂ ಒಂದಕ್ಕೊಂದು ತಾಳೆಯಾಗದಿದ್ದಾಗ, ಅಥವಾ ಎಂಆರ್‌ಐಯಲ್ಲಿ ಯಾವ ದೋಷವೂ ಕಾಣದಿದ್ದಾಗ, ಎಲೆಕ್ಟ್ರೋಡ್‌ಗಳನ್ನು ಮಿದುಳಿನೊಳಗೇ ಇಳಿಸಬೇಕಾಗುತ್ತದೆ. ಪ್ಯಾರಿಸ್‌ನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಜಾನ್ ತಲೈರಾಕ್ ಮತ್ತು ಜಾನ್ ಬಾಂಕೊ 1950ರ ದಶಕದ ಕೊನೆಯಿಂದ ರೂಪಿಸಿದ ಸ್ಟಿರಿಯೊ-ಇಇಜಿ ಇಂದು ಹೆಚ್ಚಿನ ಕೇಂದ್ರಗಳ ಆಯ್ಕೆ. ಬುರುಡೆಯಲ್ಲಿ ಕೊರೆದ ಸಣ್ಣ ರಂಧ್ರಗಳ ಮೂಲಕ, ಸುಮಾರು 0.8 ಮಿಲಿಮೀಟರ್ ದಪ್ಪದ ಕಡ್ಡಿಯಂಥ ಎಲೆಕ್ಟ್ರೋಡ್‌ಗಳನ್ನು ಆಳಕ್ಕೆ ಇಳಿಸುತ್ತಾರೆ. ಪ್ರತಿ ಕಡ್ಡಿಯ ಮೇಲೆ 2 ಮಿಲಿಮೀಟರ್ ಉದ್ದದ ಹಲವು ಸಂಪರ್ಕಬಿಂದುಗಳಿರುತ್ತವೆ. ಹತ್ತು ಹನ್ನೆರಡು ಕಡ್ಡಿ ಇಳಿಸಿದರೆ ನೂರಕ್ಕೂ ಹೆಚ್ಚು ಬಿಂದುಗಳಿಂದ ದಾಖಲೆ ಸಿಗುತ್ತದೆ. ರೋಗಿ ಒಂದೆರಡು ವಾರ ಹಾಗೆಯೇ ಇರುತ್ತಾರೆ. ರಕ್ತಸ್ರಾವದ ಅಪಾಯ ಪ್ರಕಟಿತ ಅಧ್ಯಯನಗಳ ಒಟ್ಟು ಲೆಕ್ಕದಲ್ಲಿ ನೂರಕ್ಕೆ ಒಂದರ ಆಸುಪಾಸಿನಲ್ಲಿದೆ.

ದಾಖಲೆ ಈಗ ಬಹಳ ಸ್ಪಷ್ಟ. ಆದರೆ ಪ್ರತಿ ಬಿಂದುವಿಗೆ ಕಾಣುವುದು ತನ್ನ ಸುತ್ತಲಿನ ಕೆಲವೇ ಮಿಲಿಮೀಟರ್. ಮಿದುಳಿನ ಬಹುಭಾಗ ಯಾವ ಕಡ್ಡಿಯ ಕಣ್ಣಿಗೂ ಬೀಳುವುದಿಲ್ಲ. ಹೊರಗಿನ ಇಇಜಿ ಎಲ್ಲವನ್ನೂ ಮಸುಕಾಗಿ ತೋರಿಸಿದರೆ, ಒಳಗಿನದು ಸ್ವಲ್ಪವನ್ನು ಮಾತ್ರ ನಿಚ್ಚಳವಾಗಿ ತೋರಿಸುತ್ತದೆ. ಇದರಲ್ಲೊಂದು ಬಲೆ ಇದೆ. ನೂರು ಬಿಂದುಗಳಿದ್ದರೆ ಯಾವುದೋ ಒಂದು ಮೊದಲಿನದಾಗಲೇಬೇಕು. ನಿಜವಾದ ಮೂಲ ಯಾವ ಕಡ್ಡಿಗೂ ಸಿಗದ ಜಾಗದಲ್ಲಿದ್ದರೂ, ಅಲ್ಲಿಂದ ಹೊರಟ ಸೆಳವು ಮೊದಲು ತಟ್ಟಿದ ಬಿಂದುವೇ ಮೂಲದಂತೆ ಕಾಣುತ್ತದೆ. ಕೈ ಸೆಟೆದುಕೊಂಡ ಮೇಲೆ ಪರದೆಯಲ್ಲಿ ಬದಲಾವಣೆ ಕಂಡರೆ, ಅಥವಾ ಮೊದಲ ಬಿಂದುವಿನಲ್ಲಿ ಸಣ್ಣ ಎತ್ತರದ ವೇಗದ ಅಲೆಯ ಬದಲು ನಿಧಾನದ ಅಲೆಯೇ ಎದ್ದರೆ, ಕಡ್ಡಿ ಗುರಿ ತಪ್ಪಿದೆಯೇನೋ ಎಂದು ಅನುಭವಸ್ಥರು ಶಂಕಿಸುತ್ತಾರೆ. ತಂತ್ರಾಂಶ ಹಾಗೆ ಶಂಕಿಸಬೇಕಾದರೆ ಅದಕ್ಕೆ ಶಂಕಿಸುವುದನ್ನು ಯಾರಾದರೂ ಕಲಿಸಿರಬೇಕು.

ಆರಂಭವಲಯ ಬೇರೆ, ಮೂಲವಲಯ ಬೇರೆ

ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಒಂದು ವಿಂಗಡಣೆ ಇಲ್ಲಿ ನೆರವಿಗೆ ಬರುತ್ತದೆ. ಎರಡು ಸೆಳವುಗಳ ನಡುವಿನ ಸಮಯದಲ್ಲಿ ಸ್ಪೈಕ್ ಕಾಣುವ ಭಾಗ ಕೆರಳುವಲಯ. ಸೆಳವು ಶುರುವಾದದ್ದು ದಾಖಲೆಯಲ್ಲಿ ಕಾಣುವ ಭಾಗ ಆರಂಭವಲಯ. ತುಟಿ ಚಪ್ಪರಿಕೆ, ಕೈ ಸೆಟೆತದಂಥ ಗುರುತುಗಳನ್ನು ಹುಟ್ಟಿಸುವ ಭಾಗ ಲಕ್ಷಣವಲಯ. ಇವನ್ನೆಲ್ಲ ಅಳೆಯಬಹುದು ಅಥವಾ ನೋಡಬಹುದು. ನಾಲ್ಕನೆಯದು ಮೂಲವಲಯ: ಯಾವ ಭಾಗವನ್ನು ತೆಗೆದರೆ ಅಥವಾ ಉಳಿದ ಮಿದುಳಿನಿಂದ ಬೇರ್ಪಡಿಸಿದರೆ ಸೆಳವು ಪೂರ್ತಿ ನಿಲ್ಲುತ್ತದೋ ಆ ಕನಿಷ್ಠ ಭಾಗ. ಇದನ್ನು ಅಳೆಯುವ ಉಪಕರಣವಿಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ಸೆಳವು ನಿಂತರೆ, ತೆಗೆದ ತುಂಡಿನೊಳಗೆ ಮೂಲವಲಯ ಇತ್ತು ಎಂದು ಹೇಳಬಹುದು, ಅಷ್ಟೆ.

ಅಳೆಯಬಹುದಾದ ಆರಂಭವಲಯದಿಂದ ಅಳೆಯಲಾಗದ ಮೂಲವಲಯವನ್ನು ಊಹಿಸುವುದು ಹೇಗೆ ಎಂಬಲ್ಲಿ ಎರಡು ನಿಲುವುಗಳಿವೆ. ಮೊದಲನೆಯದು ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಹರ್ಬರ್ಟ್ ಜಾಸ್ಪರ್ ಬೆಳೆಸಿದ ಪರಂಪರೆ. ಅವರು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲೇ ತೆರೆದ ಮಿದುಳಿನ ಮೇಲೆ ಎಲೆಕ್ಟ್ರೋಡ್ ಇಟ್ಟು, ಮುಖ್ಯವಾಗಿ ಸೆಳವುಗಳ ನಡುವಿನ ಸ್ಪೈಕ್‌ಗಳನ್ನು ನೋಡಿ, ಕೆರಳಿದ ಕೇಂದ್ರವನ್ನು ಗುರುತಿಸಿ ತೆಗೆಯುತ್ತಿದ್ದರು. ಎರಡನೆಯದು ಪ್ಯಾರಿಸ್‌ನ ಪರಂಪರೆ. ಸೆಳವನ್ನೇ ದಾಖಲಿಸಬೇಕು, ಅದು ಯಾವ ದಾರಿ ಹಿಡಿಯುತ್ತದೆ, ಯಾವ ಭಾಗಗಳು ಜೊತೆಗೂಡಿ ಅದನ್ನು ಹುಟ್ಟಿಸುತ್ತವೆ ಎಂದು ತಿಳಿಯಬೇಕು ಎಂಬುದು ಅದರ ವಾದ. ಸೆಳವಿಗೆ ಒಂದು ಬಿಂದು ಮೂಲವಲ್ಲ, ಒಂದು ಜಾಲ ಮೂಲ ಎಂಬ ಇಂದಿನ ಚಿಂತನೆ ಇದರಿಂದ ಬೆಳೆದದ್ದು.

ಯಾವ ನಿಲುವು ಸರಿ ಎಂಬುದರ ಮೇಲೆ ಚಿಕಿತ್ಸೆಯೇ ಬದಲಾಗುತ್ತದೆ. ಮೂಲ ಒಂದು ಬಿಂದುವಾದರೆ ಲೇಸರ್‌ನಿಂದ ಅಷ್ಟನ್ನೇ ಸುಟ್ಟರೆ ಸಾಕು. ಜಾಲವಾದರೆ ದೊಡ್ಡ ಭಾಗ ತೆಗೆಯಬೇಕು, ಇಲ್ಲವೇ ಕೊಂಡಿಗಳನ್ನು ಕಡಿಯಬೇಕು, ಇಲ್ಲವೇ ತೆಗೆಯುವುದನ್ನೇ ಬಿಟ್ಟು ವಿದ್ಯುತ್ ಪ್ರಚೋದನೆಯಿಂದ ಹತೋಟಿಗೆ ಯತ್ನಿಸಬೇಕು. ವಿಫಲವಾದ ಶಸ್ತ್ರಚಿಕಿತ್ಸೆಗಳನ್ನು ಜಾಲದ ವಾದ ಚೆನ್ನಾಗಿ ವಿವರಿಸುತ್ತದೆ. ಯಾವ ಫಲಿತಾಂಶ ಬಂದರೂ ಅದನ್ನು ವಿವರಿಸಿಬಿಡುವಷ್ಟು ಸಡಿಲವೂ ಆಗಿದೆ ಎಂಬುದು ಅದರ ದೌರ್ಬಲ್ಯ.

ಶೇ 76 ಮತ್ತು ಶೇ 48: ಲೆಕ್ಕವನ್ನು ಬಿಡಿಸಿದರೆ

ಗಣಕ ವಿಧಾನಗಳು ಬಂದದ್ದು ಈ ಜಗಳದ ನಡುವೆ. 2008ರಲ್ಲಿ ಫ್ರಾನ್ಸಿನ ಮಾರ್ಸೇಯ ಫ್ಯಾಬ್ರಿಸ್ ಬಾರ್ತಲೊಮೆ ಮತ್ತವರ ಸಂಗಡಿಗರು ಮಂಡಿಸಿದ ಸೂಚ್ಯಂಕ, ವೇಗದ ಅಲೆ ಎಷ್ಟು ಬಲವಾಗಿ ಮತ್ತು ಎಷ್ಟು ಬೇಗ ಎದ್ದಿತು ಎಂಬುದನ್ನು ಸೇರಿಸಿ ಪ್ರತಿ ಬಿಂದುವಿಗೂ ಅಂಕ ಕೊಡುತ್ತದೆ. ತಜ್ಞರ ಕಣ್ಣು ಮಾಡುವ ಕೆಲಸವನ್ನೇ ಅದು ಅಂಕಿಗೆ ಇಳಿಸಿತು. ಸರ್ಮಾ ತಂಡದ ವಿಧಾನ ಒಂದು ಹೆಜ್ಜೆ ಮುಂದಿನದು. ದಾಖಲೆಯಿಂದ ಬಿಂದುಗಳ ನಡುವಿನ ಪ್ರಭಾವಗಳ ಗಣಿತ ಮಾದರಿಯನ್ನು ಕಟ್ಟಿ, ಯಾವ ಬಿಂದುವಿನ ಕೊಂಡಿಗಳನ್ನು ತುಸುವೇ ಅಲುಗಿಸಿದರೂ ಇಡೀ ಜಾಲ ಸಮತೋಲ ಕಳೆದುಕೊಳ್ಳುತ್ತದೆ ಎಂದು ಅದು ಲೆಕ್ಕ ಹಾಕುತ್ತದೆ. ಅಂಥ ಬಿಂದು ‘ಭಿದುರ’, ಅಂದರೆ ಸುಲಭವಾಗಿ ಮುರಿಯುವಂಥದ್ದು. ಕಲ್ಪನೆ ಸೊಗಸಾಗಿದೆ. ಅದರ ಅಂಕಿಗಳನ್ನು ಓದುವಾಗ ಮಾತ್ರ ಎಚ್ಚರ ಬೇಕು.

91 ರೋಗಿಗಳ ಪೈಕಿ ಶಸ್ತ್ರಚಿಕಿತ್ಸೆ ಫಲಿಸಿದ್ದು 44 ಮಂದಿಗೆ, ವಿಫಲವಾದದ್ದು 47 ಮಂದಿಗೆ. ವೈದ್ಯರ ‘ಶೇ 48 ನಿಖರತೆ’ ಎಂದರೆ 91ರಲ್ಲಿ 44, ಅಷ್ಟೆ. ಶಸ್ತ್ರಚಿಕಿತ್ಸೆ ಮಾಡಿದ್ದನ್ನೆಲ್ಲ ‘ಇದು ಫಲಿಸುತ್ತದೆ’ ಎಂಬ ಭವಿಷ್ಯವಾಣಿಯೆಂದು ಎಣಿಸಿದಾಗ ಸಿಗುವ ಅಂಕಿ ಇದು. ಆದರೆ ವೈದ್ಯರನ್ನು ಯಾರೂ ಭವಿಷ್ಯ ಕೇಳಿರಲಿಲ್ಲ. ಕ್ಲಿಷ್ಟ ಪ್ರಕರಣದಲ್ಲಿ ಅರ್ಧಕ್ಕರ್ಧ ಸಾಧ್ಯತೆ ಇದೆ ಎಂದು ರೋಗಿಗೆ ಹೇಳಿ, ಒಪ್ಪಿಗೆ ಪಡೆದು ಶಸ್ತ್ರಚಿಕಿತ್ಸೆ ಮಾಡುವುದು ವೈದ್ಯಕೀಯ ನಿರ್ಧಾರ, ತಪ್ಪು ಊಹೆಯಲ್ಲ. ಫಲಿಸುವುದಿಲ್ಲ ಎಂದು ಅನ್ನಿಸಿ ವೈದ್ಯರು ಶಸ್ತ್ರಚಿಕಿತ್ಸೆಯನ್ನೇ ಮಾಡದ ರೋಗಿಗಳು ಈ 91ರೊಳಗೆ ಇಲ್ಲವೇ ಇಲ್ಲ. ಆ ನಿರ್ಧಾರಗಳಲ್ಲಿ ಎಷ್ಟು ಸರಿಯಿದ್ದವು ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಇನ್ನು ಶೇ 76. ಇದು 91ರಲ್ಲಿ ಸುಮಾರು 69. ವಿಫಲವಾದ 47 ಪ್ರಕರಣಗಳ ಪೈಕಿ 43ನ್ನು ವಿಧಾನ ಸರಿಯಾಗಿ ಗುರುತಿಸಿತೆಂದು ವರದಿ ಹೇಳುತ್ತದೆ. 69ರಲ್ಲಿ 43 ಕಳೆದರೆ ಉಳಿಯುವುದು 26. ಅಂದರೆ ಫಲಿಸಿದ 44 ಮಂದಿಯಲ್ಲಿ ‘ಫಲಿಸುತ್ತದೆ’ ಎಂದು ವಿಧಾನ ಹೇಳಿದ್ದು ಸುಮಾರು 26 ಮಂದಿಗೆ. ಉಳಿದ ಹದಿನೆಂಟು ಮಂದಿ, ವಿಧಾನದ ಪ್ರಕಾರ ಫಲ ಕಾಣಬಾರದಿತ್ತು. ವಾಸ್ತವದಲ್ಲಿ ಫಲ ಕಂಡಿದ್ದರು. ಇದನ್ನೇ ಇನ್ನೊಂದು ರೀತಿಯಲ್ಲಿ ಜೋಡಿಸಬಹುದು. ವಿಧಾನ ‘ಹೌದು’ ಎಂದದ್ದು ಸುಮಾರು 30 ಪ್ರಕರಣಗಳಲ್ಲಿ, ಅದರಲ್ಲಿ 26 ಸರಿ. ‘ಇಲ್ಲ’ ಎಂದದ್ದು ಸುಮಾರು 61ರಲ್ಲಿ, ಅದರಲ್ಲಿ 18 ತಪ್ಪು. ಅದರ ‘ಹೌದು’ ಸಾಕಷ್ಟು ನಂಬಲರ್ಹ. ಅದರ ‘ಇಲ್ಲ’ವನ್ನು ನಂಬಿ ಬಾಗಿಲು ಮುಚ್ಚಿದ್ದರೆ ಹದಿನೆಂಟು ಮಂದಿ ಗುಣವಾಗುವ ಅವಕಾಶವನ್ನೇ ಕಳೆದುಕೊಳ್ಳುತ್ತಿದ್ದರು.

ಸುದ್ದಿಗಳಲ್ಲಿ ಸುಲಭವಾಗಿ ಬಿಟ್ಟುಹೋಗುವ ಇನ್ನೊಂದು ಅಂಶವಿದೆ. ಈ ವಿಧಾನ ಯಾರ ನೆರವೂ ಇಲ್ಲದೆ ಜಾಗವನ್ನು ಹುಡುಕಿಕೊಡಲಿಲ್ಲ. ವೈದ್ಯರು ಆರಂಭವಲಯವೆಂದು ಗುರುತು ಹಾಕಿದ ಬಿಂದುಗಳು ಉಳಿದವುಗಳಿಗಿಂತ ಹೆಚ್ಚು ಭಿದುರವೇ ಎಂದು ಅದು ತಾಳೆ ನೋಡಿತು. ಕಡ್ಡಿಗಳನ್ನು ಎಲ್ಲಿ ಇಳಿಸಬೇಕೆಂದು ತೀರ್ಮಾನಿಸಿದವರೂ ವೈದ್ಯರೇ. ಗಣಕಕ್ಕೂ ವೈದ್ಯರಿಗೂ ಪಂದ್ಯ ಎಂಬ ಚಿತ್ರಣ ಅದಕ್ಕೇ ದಾರಿ ತಪ್ಪಿಸುತ್ತದೆ. ಇದು ವೈದ್ಯರ ಉತ್ತರಪತ್ರಿಕೆಯ ಮೇಲೆ ಗಣಕ ಮಾಡಿದ ಮರುಮೌಲ್ಯಮಾಪನ.

ಅತಿವೇಗದ ಕಂಪನಗಳಿಗೆ ಆದದ್ದೇನು?

ನೆದರ್‌ಲೆಂಡ್ಸ್‌ನ 2022ರ ಪ್ರಯೋಗದ ಕಥೆ ಇದಕ್ಕಿಂತ ಭಿನ್ನ. ಸೆಕೆಂಡಿಗೆ 80ರಿಂದ 500 ಬಾರಿ ಏಳುವ ಅತಿವೇಗದ ಕಂಪನಗಳು ಸ್ಪೈಕ್‌ಗಳಿಗಿಂತ ಮೂಲವಲಯಕ್ಕೆ ಹತ್ತಿರ ಎಂಬ ಸೂಚನೆಗಳು 1990ರ ದಶಕದ ಕೊನೆಯಿಂದ ಸಿಕ್ಕಿದ್ದವು. ಸೆಳವು ಬರುವವರೆಗೂ ಕಾಯಬೇಕಿಲ್ಲ, ಕೆಲವು ನಿಮಿಷಗಳ ದಾಖಲೆಯೇ ಸಾಕು ಎಂಬುದು ಅವುಗಳ ದೊಡ್ಡ ಆಕರ್ಷಣೆ. ಪ್ರಯೋಗದಲ್ಲಿ 39 ಮಂದಿಗೆ ಈ ಕಂಪನಗಳನ್ನೂ ಇನ್ನು 39 ಮಂದಿಗೆ ಸ್ಪೈಕ್‌ಗಳನ್ನೂ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲೇ ನೋಡಿಕೊಂಡು, ಎಷ್ಟು ತೆಗೆಯಬೇಕೆಂದು ನಿರ್ಧರಿಸಲಾಯಿತು. ಒಂದು ವರ್ಷದ ಬಳಿಕ ಮುಕ್ತರಾದವರು ಕ್ರಮವಾಗಿ 26 ಮತ್ತು 35.

ಅಂತರ ದೊಡ್ಡದಾಗಿ ಕಾಣುತ್ತದೆ. ಆದರೆ ಗುಣವಾಗುವ ಸಾಧ್ಯತೆ ಮೊದಲೇ ಕಡಿಮೆಯಿದ್ದ ಬಗೆಯ ರೋಗಿಗಳು ಎರಡು ಗುಂಪುಗಳಲ್ಲಿ ಸಮನಾಗಿ ಹಂಚಿಹೋಗಿರಲಿಲ್ಲ. ಅದನ್ನು ಸರಿದೂಗಿಸಿದಾಗ ಅಂತರ ಸುಮಾರು 8 ಶೇಕಡಾ ಅಂಶಗಳಿಗೆ ಇಳಿಯಿತು. ಹೊಸ ಸಂಕೇತ ಹಳೆಯದಕ್ಕಿಂತ ಕಡಿಮೆಯೇನಿಲ್ಲ ಎಂಬುದು ಸಾಬೀತಾಗಲಿಲ್ಲ, ಸೋತಿತು ಎಂಬುದೂ ಖಚಿತವಾಗಲಿಲ್ಲ. ಈ ಸಂಕೇತದ ಮೂಲಭೂತ ತೊಂದರೆ ಬೇರೆಡೆ ಇದೆ. ಇಂಥ ಕಂಪನಗಳು ಆರೋಗ್ಯವಂತ ಮಿದುಳಿನಲ್ಲೂ, ವಿಶೇಷವಾಗಿ ನೆನಪು ಮತ್ತು ದೃಷ್ಟಿಗೆ ಸಂಬಂಧಿಸಿದ ಭಾಗಗಳಲ್ಲಿ, ಸಹಜವಾಗಿ ಏಳುತ್ತವೆ. ರೋಗದ ಕಂಪನ ಯಾವುದು, ನೆನಪಿನ ಕಂಪನ ಯಾವುದು ಎಂದು ಬೇರ್ಪಡಿಸುವ ನಂಬಲರ್ಹ ಅಳತೆಗೋಲು ಇನ್ನೂ ಇಲ್ಲ.

ಅಳತೆಗೋಲೇ ಮಸುಕಾಗಿರುವಾಗ

ಯಾವ ವಿಧಾನವನ್ನಾದರೂ ಸರಿ ಅಥವಾ ತಪ್ಪು ಎನ್ನಬೇಕಾದರೆ ಸರಿಯುತ್ತರ ಗೊತ್ತಿರಬೇಕು. ಇಲ್ಲಿ ಇರುವ ಏಕೈಕ ಸರಿಯುತ್ತರ ಶಸ್ತ್ರಚಿಕಿತ್ಸೆಯ ಫಲಿತಾಂಶ, ಅದೂ ಮಸುಕಾದದ್ದು. ಟೆಂಪೊರಲ್ ಹಾಲೆಯ ದೊಡ್ಡ ಭಾಗವನ್ನೇ ತೆಗೆದು ಸೆಳವು ನಿಂತರೆ, ಅದರೊಳಗಿನ ಯಾವ ಮೂಲೆ ಮುಖ್ಯವಾಗಿತ್ತು ಎಂದು ತಿಳಿಯುವುದಿಲ್ಲ. ಸೆಳವು ನಿಲ್ಲದಿದ್ದರೆ ಜಾಗವೇ ತಪ್ಪಿತೋ, ತೆಗೆದದ್ದು ಸಾಲದಾಯಿತೋ, ಎರಡನೆಯ ಮೂಲ ಇತ್ತೋ ತಿಳಿಯುವುದಿಲ್ಲ. ಸಾಲದ್ದಕ್ಕೆ ಫಲಿತಾಂಶ ಕಾಲದೊಂದಿಗೆ ಬದಲಾಗುತ್ತದೆ. ಬ್ರಿಟನ್ನಿನಲ್ಲಿ 615 ವಯಸ್ಕರನ್ನು ದೀರ್ಘಕಾಲ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಘು ಸೆಳವುಗಳನ್ನು ಬಿಟ್ಟು ಉಳಿದ ಸೆಳವುಗಳಿಂದ ಮುಕ್ತರಾಗಿದ್ದವರು 5 ವರ್ಷದ ಬಳಿಕ ಶೇ 52, 10 ವರ್ಷದ ಬಳಿಕ ಶೇ 47. ಒಂದು ವರ್ಷದ ಫಲಿತಾಂಶವನ್ನು ಸರಿಯುತ್ತರವೆಂದು ಕಲಿತ ತಂತ್ರಾಂಶ, ಮುಂದೆ ಸೆಳವು ಮರುಕಳಿಸುವವರನ್ನೂ ಯಶಸ್ಸಿನ ಸಾಲಿಗೇ ಸೇರಿಸಿ ಕಲಿತಿರುತ್ತದೆ.

ಆದ್ದರಿಂದ ಹಳೆಯ ದಾಖಲೆಗಳ ಮರುಪರಿಶೀಲನೆ ಎಷ್ಟು ನಡೆದರೂ ಒಂದು ಹಂತ ದಾಟುವುದಿಲ್ಲ. ವಿಧಾನದ ಸಲಹೆಯನ್ನು ಮುಂಚಿತವಾಗಿ ಪಡೆದು ಶಸ್ತ್ರಚಿಕಿತ್ಸೆ ಮಾಡಿ, ಪಡೆಯದ ಗುಂಪಿನೊಂದಿಗೆ ಹೋಲಿಸಬೇಕು. ಫ್ರಾನ್ಸಿನ ಹಲವು ಆಸ್ಪತ್ರೆಗಳಲ್ಲಿ 2019ರಲ್ಲಿ ಶುರುವಾದ ಎಪಿನೊವ್ ಪ್ರಯೋಗ ಈ ಬಗೆಯದು. ವಿಕ್ಟರ್ ಯಿರ್ಸಾ ಅವರ ತಂಡ ರೂಪಿಸಿದ, ರೋಗಿಯ ಎಂಆರ್‌ಐಯಿಂದಲೇ ಕಟ್ಟಿದ ‘ವಾಸ್ತವಸದೃಶ ಮಿದುಳು’ ಶಸ್ತ್ರಚಿಕಿತ್ಸೆಯ ಯೋಜನೆಗೆ ನೆರವಾಗುತ್ತದೆಯೇ ಎಂದು 300ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸುವುದು ಅದರ ಉದ್ದೇಶ.

ಪರಿಣಾಮ ಯಾರಿಗೆ, ಹೇಗೆ?

ಎಂಆರ್‌ಐಯಲ್ಲಿ ಸ್ಪಷ್ಟ ದೋಷ ಕಾಣುವ ರೋಗಿಗೆ ಈ ತಂತ್ರಾಂಶಗಳಿಂದ ಹೆಚ್ಚೇನೂ ಬದಲಾಗುವುದಿಲ್ಲ. ಎಂಆರ್‌ಐ ಸಹಜವಾಗಿದ್ದು ಸೆಳವು ಟೆಂಪೊರಲ್ ಹಾಲೆಯ ಹೊರಗೆ ಹುಟ್ಟುವವರಿಗೆ ಅವು ನಿಜಕ್ಕೂ ಉಪಯುಕ್ತವಾಗಬಹುದು. ಅಲ್ಲೂ ಅವುಗಳ ತಕ್ಕ ಸ್ಥಾನ ಎರಡನೆಯ ಅಭಿಪ್ರಾಯದ್ದು: ವೈದ್ಯರ ಗುರುತಿಗೂ ಗಣಕದ ಗುರುತಿಗೂ ತಾಳೆಯಾಗದಿದ್ದರೆ ಕತ್ತಿ ಎತ್ತುವ ಮುನ್ನ ಮತ್ತೊಮ್ಮೆ ಯೋಚಿಸುವುದು, ಬೇಕಾದರೆ ಇನ್ನೊಂದೆರಡು ಕಡ್ಡಿ ಇಳಿಸುವುದು. ಅದೇ ಅಂಕವನ್ನು ರೋಗಿಯನ್ನು ನಿರಾಕರಿಸಲು ಬಳಸಿದರೆ ಏನಾಗುತ್ತದೆ ಎಂಬುದನ್ನು ಆ ಹದಿನೆಂಟರ ಲೆಕ್ಕ ಹೇಳುತ್ತದೆ. ಶಸ್ತ್ರಚಿಕಿತ್ಸೆಗೆ ಬರುವ ವಯಸ್ಕರಲ್ಲಿ ಕಾಯಿಲೆ ಶುರುವಾಗಿ ಸರಾಸರಿ ಇಪ್ಪತ್ತು ವರ್ಷ ಕಳೆದಿರುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ವಿಡಿಯೊ-ಇಇಜಿ ಕೊಠಡಿಯ ತನಕ ಬಾರದವರಿಗೆ ಯಾವ ಅಂಕಗಣಿತವೂ ನೆರವಾಗದು.

ಹೆಚ್ಚು ದೂರ ಹೋಗಬಹುದಾದ ಬದಲಾವಣೆ ಬರುತ್ತಿರುವುದು ದಾಖಲೆಯ ಅವಧಿಯಲ್ಲಿ. ಸೆಳವಿನ ಆರಂಭವನ್ನು ಗ್ರಹಿಸಿ ತಕ್ಷಣ ವಿದ್ಯುತ್ ಪ್ರಚೋದನೆ ಕೊಡುವ, ಬುರುಡೆಯಲ್ಲೇ ಅಳವಡಿಸುವ ಸಾಧನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಒಪ್ಪಿಗೆ ಕೊಟ್ಟಿತು. ಚಿಕಿತ್ಸೆಗೆಂದು ಹಾಕಿದ ಸಾಧನ ವರ್ಷಗಟ್ಟಲೆ ದಾಖಲೆಯನ್ನೂ ಕೊಡತೊಡಗಿತು. ಎರಡೂ ಬದಿಯ ಟೆಂಪೊರಲ್ ಹಾಲೆಗಳಲ್ಲಿ ಎಲೆಕ್ಟ್ರೋಡ್ ಇದ್ದ 82 ಮಂದಿಯ ದಾಖಲೆಯನ್ನು 2015ರಲ್ಲಿ ಪ್ರಕಟಿಸಿದಾಗ ಒಂದು ಸಂಗತಿ ಕಂಡಿತು: ಎರಡೂ ಬದಿಗಳಿಂದ ಸೆಳವು ಹೊರಡುವವರಲ್ಲಿ, ಎರಡನೆಯ ಬದಿಯೂ ದಾಖಲೆಯಲ್ಲಿ ಕಾಣಿಸಿಕೊಳ್ಳಲು ಸರಾಸರಿ ಸುಮಾರು 42 ದಿನ ಬೇಕಾಗಿತ್ತು. ಆಸ್ಪತ್ರೆಯ ಒಂದೆರಡು ವಾರದಲ್ಲಿ ಒಂದೇ ಬದಿಯ ಸೆಳವು ಕಂಡು, ಅದೊಂದೇ ಮೂಲವೆಂದು ನಂಬುವ ಸಾಧ್ಯತೆ ಎಷ್ಟೆಂಬುದನ್ನು ಈ ಅಂಕಿ ತೋರಿಸುತ್ತದೆ. ಇದಕ್ಕೆ ತಿರುಗುಮುರುಗಾಗಿ, ಎರಡೂ ಬದಿಯ ರೋಗವೆಂದು ಶಸ್ತ್ರಚಿಕಿತ್ಸೆ ನಿರಾಕರಿಸಲ್ಪಟ್ಟ ಕೆಲವರಲ್ಲಿ ತಿಂಗಳುಗಟ್ಟಲೆಯ ದಾಖಲೆ ಹೆಚ್ಚಿನ ಸೆಳವುಗಳು ಒಂದೇ ಬದಿಯಿಂದ ಬರುತ್ತಿರುವುದನ್ನು ತೋರಿಸಿದ್ದೂ, ಆ ಬದಿಯ ಶಸ್ತ್ರಚಿಕಿತ್ಸೆ ಆಮೇಲೆ ಸಾಧ್ಯವಾದದ್ದೂ ಉಂಟು.